ಪ್ಲೈವುಡ್, ಎಂಡಿಎಫ್, ಲ್ಯಾಮಿನೇಟ್: ಮನೆಯ ಮರಗೆಲಸಕ್ಕೆ ಹಲಗೆ ಆರಿಸುವುದರಿಂದ ಅಂಚು ಮುಚ್ಚುವವರೆಗೆ

ಕುಂದಾಪುರದ ಹತ್ತಿರ ನಮ್ಮ ಹಳೆಯ ಮನೆಗೆ ಹೊಸ ಅಡುಗೆಮನೆ ಮಾಡಿಸಿ ಎರಡೇ ಮಳೆಗಾಲ ಕಳೆದಿತ್ತು. ಒಂದು ಬೆಳಿಗ್ಗೆ ಅಮ್ಮ ಸಿಂಕಿನ ಕೆಳಗಿನ ಬಾಗಿಲು ಎಳೆದರೆ ಕೀಲು ಸಮೇತ ಬಾಗಿಲು ಕೈಗೇ ಬಂತು. ಬಗ್ಗಿ ನೋಡಿದೆ. ಹೊರಗಿನ ಹೊಳಪಿನ ಹಾಳೆ ಅಂಗಡಿಯಿಂದ ತಂದ ದಿನದಷ್ಟೇ ಚೆನ್ನಾಗಿತ್ತು. ಒಳಗಿನ ಹಲಗೆ ಮಾತ್ರ ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬಿ, ಬೆರಳು ಒತ್ತಿದಲ್ಲಿ ಪುಡಿಯಾಗಿ ಉದುರುತ್ತಿತ್ತು. ನೀರು ಒಳನುಗ್ಗಿದ ದಾರಿಯೂ ಕಣ್ಣೆದುರೇ ಇತ್ತು: ಕೊಳವೆ ಹಾಯಿಸಲು ಕೊರೆದ ತೂತಿನ ಸುತ್ತು, ಮತ್ತು ಯಾರಿಗೂ ಕಾಣುವುದಿಲ್ಲವೆಂದು ಪಟ್ಟಿ ಹಚ್ಚದೆ ಬಿಟ್ಟ ಹಿಂದಿನ ಅಂಚು.

ಆ ಕೆಲಸ ಕಿತ್ತು ಮತ್ತೆ ಮಾಡಿಸುವಾಗ ಕಲಿತದ್ದನ್ನು, ಆಮೇಲೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಪ್ರಯೋಗಿಸಿ ಖಚಿತಪಡಿಸಿಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ನಾವು ಬಣ್ಣ, ವಿನ್ಯಾಸದ ಪುಸ್ತಕ ತಿರುವುತ್ತಾ ದಿನಗಟ್ಟಲೆ ಕೂರುತ್ತೇವೆ. ಹಲಗೆಯ ಅಂಚನ್ನು ಒಂದು ನಿಮಿಷವೂ ನೋಡುವುದಿಲ್ಲ. ಹಲಗೆಯ ಗುಣ ಗೊತ್ತಾಗುವುದೂ ಅಂಚಿನಲ್ಲೇ, ಅದು ಕೆಡಲು ಶುರುವಾಗುವುದೂ ಅಂಚಿನಲ್ಲೇ.

ಹೆಜ್ಜೆ 1: ನೀರು ಮತ್ತು ಭಾರದ ನಕ್ಷೆ ಮಾಡಿಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ಹಿಡಿದು ಮನೆಯೆಲ್ಲ ಸುತ್ತಿ. ಪ್ರತಿ ಕಪಾಟಿನ ಜಾಗಕ್ಕೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನೀರು ಬೀಳುತ್ತದೆಯೇ? ಇಲ್ಲಿ ಭಾರ ಎಷ್ಟು ಕೂರುತ್ತದೆ?

ನೀರಿನ ಜಾಗಗಳೆಂದರೆ ಸಿಂಕಿನ ಕೆಳಗೆ, ಬಚ್ಚಲುಮನೆಯ ಬಾಗಿಲು, ಬಟ್ಟೆ ಒಗೆಯುವ ಯಂತ್ರದ ಪಕ್ಕ, ನೀರು ಶುದ್ಧೀಕರಿಸುವ ಯಂತ್ರದ ಕೆಳಗೆ. ನೀರು ನೇರವಾಗಿ ಬೀಳದಿದ್ದರೂ ತೇವ ಬರುವ ಜಾಗಗಳು ಬೇರೆ: ಮಳೆ ಹೊಡೆಯುವ ಪಡುವಣ ಗೋಡೆ, ಬಚ್ಚಲಿನ ಗೋಡೆಯ ಇನ್ನೊಂದು ಮಗ್ಗುಲು, ನೆಲದಿಂದ ಒಂದು ಅಡಿಯೊಳಗಿನ ಭಾಗ. ಕರಾವಳಿಯ ಮುರಕಲ್ಲಿನ ಗೋಡೆಗಳು ಆಷಾಢ ಮುಗಿಯುವಷ್ಟರಲ್ಲಿ ಒಳಗೂ ಒದ್ದೆಯಾಗಿರುತ್ತವೆ. ಅನುಮಾನವಿದ್ದರೆ ಎರಡು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಮರುದಿನ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಆ ಗೋಡೆಗೆ ತಾಗಿಸಿ ಯಾವ ಹಲಗೆಯನ್ನೂ ಕೂರಿಸಬೇಡಿ. ಮೊದಲು ಗೋಡೆಯನ್ನು ಸರಿಪಡಿಸಿ. ಹೊಸ ಮನೆಯ ಗಾರೆಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದು ಹಸಿ ಗೋಡೆಗೆ ವಾರ್ಡ್‌ರೋಬ್ ಕೂರಿಸಿದವರ ಮನೆಯಲ್ಲಿ ಬಟ್ಟೆಗೆ ಬೂಷ್ಟು ಹಿಡಿದದ್ದನ್ನು ಕಂಡಿದ್ದೇನೆ.

ಭಾರದ ಜಾಗಗಳು ಪುಸ್ತಕದ ಕಪಾಟು, ಪಾತ್ರೆ ಇಡುವ ಡ್ರಾಯರ್, ಅಕ್ಕಿ ಡಬ್ಬ ಕೂರುವ ತಳ, ಹಾಸಿಗೆ ಮಂಚದ ಪೆಟ್ಟಿಗೆ. ಇವನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ನೀರೂ ಇಲ್ಲದ, ಭಾರವೂ ಇಲ್ಲದ ಜಾಗಗಳು ಎಷ್ಟಿವೆ ಎಂಬುದು ಆಗ ಗೊತ್ತಾಗುತ್ತದೆ. ಹಣ ಉಳಿಸಬೇಕಾದದ್ದು ಅಲ್ಲಿ.

ಹೆಜ್ಜೆ 2: ಹಲಗೆಗಳ ಜಾತಿ ತಿಳಿದುಕೊಳ್ಳಿ

ಮರ ಒದ್ದೆಯಾದಾಗ ನಾರಿನ ಉದ್ದಕ್ಕೆ ಹೆಚ್ಚೂಕಡಿಮೆ ಹಿಗ್ಗುವುದೇ ಇಲ್ಲ. ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಮಳೆಗಾಲದಲ್ಲಿ ಹಲಸಿನ ಬಾಗಿಲು ಬಿಗಿಯಾಗುವುದು ಇದರಿಂದ. ಪ್ಲೈವುಡ್ ಮಾಡುವಾಗ ಮರದ ದಿಮ್ಮಿಯನ್ನು ಪೆನ್ಸಿಲ್ ಚೂಪು ಮಾಡಿದಂತೆ ಸುತ್ತಲೂ ತೆಳುವಾಗಿ ಸುಲಿದು, ಆ ಪದರಗಳನ್ನು ಒಂದರ ಮೇಲೊಂದು ನಾರು ಅಡ್ಡಡ್ಡ ಬರುವಂತೆ ಇಟ್ಟು, ಅಂಟು ಹಚ್ಚಿ ಬಿಸಿಯಲ್ಲಿ ಒತ್ತುತ್ತಾರೆ. ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ ಪದರ ಹಿಡಿದು ನಿಲ್ಲಿಸುತ್ತದೆ. ಎರಡೂ ಮುಖದ ಎಳೆತ ಸಮನಾಗಿರಲೆಂದು ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸವಾಗಿರುತ್ತದೆ.

ಹೀಗಾಗಿ ಪ್ಲೈವುಡ್ಡಿನ ಬಾಳಿಕೆಯನ್ನು ನಿರ್ಧರಿಸುವುದು ಮರಕ್ಕಿಂತ ಹೆಚ್ಚಾಗಿ ಅಂಟು. ಮಾರುಕಟ್ಟೆಯಲ್ಲಿ ಕಮರ್ಷಿಯಲ್ ಎಂದು ಕರೆಯುವ ಎಂಆರ್ (ತೇವ ತಡೆಯುವ) ದರ್ಜೆಯದ್ದಕ್ಕೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬಳಸುತ್ತಾರೆ. ಅದು ಗಾಳಿಯ ತೇವವನ್ನು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಎಂಆರ್ ಎಂದರೆ ನೀರಿಗೆ ಹೆದರದ ಹಲಗೆ ಎಂದು ಹೇಳಿ ಮಾರುವವರಿದ್ದಾರೆ, ನಂಬಬೇಡಿ. ಬಿಡಬ್ಲ್ಯುಆರ್ (ಕುದಿನೀರು ತಾಳುವ) ಮತ್ತು ಬಿಡಬ್ಲ್ಯುಪಿ (ಕುದಿನೀರಿಗೂ ಜಗ್ಗದ) ದರ್ಜೆಗಳಲ್ಲಿ ಫಿನಾಲ್ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಅಂಚಿನಲ್ಲಿ ಕಂದುಗಪ್ಪು ಗೆರೆಗಳಾಗಿ ಕಾಣುತ್ತದೆ. ಅಂಗಡಿಯವರು 303, 710 ಎನ್ನುವುದು ಭಾರತೀಯ ಮಾನಕ ಸಂಸ್ಥೆಯ ಸಂಖ್ಯೆಗಳನ್ನು. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ, ಐಎಸ್ 710 ಮರೈನ್, ಅಂದರೆ ಬಿಡಬ್ಲ್ಯುಪಿ ದರ್ಜೆಯ ಪ್ಲೈವುಡ್ಡಿಗೆ. 710ರ ಹಲಗೆಯ ಅಂಟು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಬಿಡಬಾರದು.

ಒಳಗಿನ ಮರದ ವಿಷಯಕ್ಕೆ ಬಂದರೆ, ಗರ್ಜನ್ ಎಂಬ ಹೆಸರನ್ನು ಪ್ರತಿ ಅಂಗಡಿಯಲ್ಲೂ ಕೇಳುತ್ತೀರಿ. ಒಳ್ಳೆಯ ಗಟ್ಟಿ ಮರ ಅದು, ಬಹುಪಾಲು ಮ್ಯಾನ್ಮಾರಿನಿಂದ ಬರುತ್ತಿತ್ತು. 2014ರ ಏಪ್ರಿಲ್‌ನಿಂದ ಆ ದೇಶ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಇಂದು ಗರ್ಜನ್ ಎಂದು ಮಾರುವ ಎಷ್ಟೋ ಹಲಗೆಗಳಲ್ಲಿ ಮೇಲಿನ ಕೆಂಪು ಪದರವಷ್ಟೇ ಗರ್ಜನ್, ಕೆಲವೊಮ್ಮೆ ಅದೂ ಬಣ್ಣ. ಹರಿಯಾಣದ ಯಮುನಾನಗರದಿಂದ ಬರುವ ಹಲಗೆಯಲ್ಲಿ ಪಾಪ್ಲರ್ ಮತ್ತು ನೀಲಗಿರಿ, ಕೇರಳದ ಪೆರುಂಬಾವೂರಿನಿಂದ ಬರುವುದರಲ್ಲಿ ರಬ್ಬರ್ ಮರ ಹಾಗೂ ಬೇರೆ ಗಟ್ಟಿ ಮರಗಳು ಇರುತ್ತವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಕೂಡ ಕೊನೆಗೆ ಪ್ಲೈವುಡ್ ಗಿರಣಿಗೇ ಹೋಗುತ್ತದೆ. ಪಾಪ್ಲರ್ ಹಗುರ ಮತ್ತು ಮೆದು. ಸ್ಕ್ರೂ ಹಿಡಿತ ಕಡಿಮೆ. ನೀಲಗಿರಿ ಗಟ್ಟಿ. ಒಳಗೇನಿದೆ ಎಂದು ನೇರವಾಗಿ ಕೇಳಿ. ನೇರ ಉತ್ತರ ಕೊಡುವ ಅಂಗಡಿಯಲ್ಲಿ ಉಳಿದ ಮಾತು ಮುಂದುವರಿಸಬಹುದು.

ಬ್ಲಾಕ್‌ಬೋರ್ಡ್ ಎಂದರೆ ನಡುವೆ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಎರಡು ಕಡೆ ತೆಳು ಪದರ ಹಚ್ಚಿದ್ದು. ಉದ್ದಕ್ಕೆ ನೆಟ್ಟಗೆ ನಿಲ್ಲುವುದರಲ್ಲಿ ಇದು ಪ್ಲೈವುಡ್ಡಿಗಿಂತ ಮೇಲು. ಏಳು ಅಡಿಯ ವಾರ್ಡ್‌ರೋಬ್ ಬಾಗಿಲು, ಉದ್ದನೆಯ ಅಡ್ಡಹಲಗೆಗಳಿಗೆ ನನ್ನ ಆಯ್ಕೆ ಇದೇ. ಪಟ್ಟಿಗಳ ನಡುವೆ ಸಂದು ಬಿಟ್ಟಿರುವ ಅಗ್ಗದ ಬ್ಲಾಕ್‌ಬೋರ್ಡ್ ಮಾತ್ರ ಬೇಡ. ಕೀಲಿನ ಸ್ಕ್ರೂ ಸರಿಯಾಗಿ ಆ ಸಂದಿಗೇ ಹೋಗಿ ಬಿದ್ದರೆ ಬಾಗಿಲು ಜೋಲುತ್ತದೆ.

ಎಂಡಿಎಫ್ ಮರದ ನಾರನ್ನು ಹತ್ತಿಯಂತೆ ಬಿಡಿಸಿ, ಅಂಟು ಬೆರೆಸಿ ಒತ್ತಿದ ಹಲಗೆ. ಮುಖ ಕನ್ನಡಿಯಂತೆ ನಯ, ಆದ್ದರಿಂದ ಬಣ್ಣ ಹೊಡೆಯುವ ಬಾಗಿಲಿಗೆ, ಕೊರೆದ ವಿನ್ಯಾಸಕ್ಕೆ, ದೇವರ ಮನೆಯ ಜಾಲರಿಗೆ ಇದಕ್ಕೆ ಸಾಟಿಯಿಲ್ಲ. ಸಾಮಾನ್ಯ ಎಂಡಿಎಫ್‌ಗೆ ನೀರು ತಾಗಿದರೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಇದನ್ನೇ ಹೆಚ್ಚು ಸಾಂದ್ರವಾಗಿ, ತೇವ ತಡೆಯುವ ಅಂಟಿನಿಂದ ಮಾಡಿದ್ದು ಎಚ್‌ಡಿಎಚ್‌ಎಂಆರ್. ಅದು ವ್ಯಾಪಾರದ ಹೆಸರು. ಘನ ಮೀಟರಿಗೆ 850 ಕಿಲೋ ಆಸುಪಾಸಿನ ಸಾಂದ್ರತೆ ಇದ್ದರೆ ಹೆಸರಿಗೆ ತಕ್ಕುದು. ಕಾರ್ಖಾನೆಯಲ್ಲಿ ತಯಾರಾಗುವ ಮಾಡ್ಯುಲರ್ ಅಡುಗೆಮನೆಯ ಬಾಗಿಲುಗಳಿಗೆ ಇದು ಚೆನ್ನಾಗಿಯೇ ಬಾಳುತ್ತದೆ.

ಪಾರ್ಟಿಕಲ್ ಬೋರ್ಡ್ ಮರದ ಚೂರುಗಳಿಂದ ಆದದ್ದು. ಎರಡು ಮುಖಕ್ಕೂ ಅಲಂಕಾರದ ಹಾಳೆ ಒತ್ತಿ ಬಂದರೆ ಪ್ರಿಲ್ಯಾಮ್ ಎನ್ನುತ್ತಾರೆ. ನಮ್ಮ ಸಿಂಕಿನ ಕೆಳಗೆ ಇದ್ದದ್ದು ಅದು. ಹಾಗೆಂದು ಇದು ಕೆಟ್ಟ ವಸ್ತುವೇನಲ್ಲ. ಕಲಬುರಗಿ, ರಾಯಚೂರಿನಂತಹ ಒಣ ಹವೆಯ ಊರಿನ ಮಲಗುವ ಕೋಣೆಯಲ್ಲಿ, ಓದುವ ಮೇಜಿಗೆ, ಕಚೇರಿಯ ಪಾರ್ಟಿಷನ್‌ಗೆ ಧಾರಾಳವಾಗಿ ಬಳಸಬಹುದು. ಕರಾವಳಿ, ಮಲೆನಾಡಿನ ಅಡುಗೆಮನೆಗೆ ಬೇಡ.

ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು) ಮತ್ತು ಪಿವಿಸಿ ಹಲಗೆಗಳಿಗೆ ನೀರೂ ಗೆದ್ದಲೂ ಏನೂ ಮಾಡವು. ಬಚ್ಚಲಿನ ಬಾಗಿಲಿಗೆ, ಸಿಂಕಿನ ಪೆಟ್ಟಿಗೆಗೆ ಒಪ್ಪುತ್ತವೆ. ಆದರೆ ಭಾರಕ್ಕೆ ಬಾಗುತ್ತವೆ, ಬಿಸಿಗೆ ಮೆತ್ತಗಾಗುತ್ತವೆ. ಒಲೆಯ ಪಕ್ಕ ಇಡಬೇಡಿ.

ಹೆಜ್ಜೆ 3: ಜಾಗಕ್ಕೆ ತಕ್ಕ ಹಲಗೆ, ಭಾರಕ್ಕೆ ತಕ್ಕ ದಪ್ಪ

ನಿಮ್ಮ ನಕ್ಷೆಯನ್ನು ಈಗ ಮುಂದಿಟ್ಟುಕೊಳ್ಳಿ. ನೀರಿನ ಜಾಗಕ್ಕೆ ಐಎಸ್ 710 ಪ್ಲೈವುಡ್ ಅಥವಾ ಡಬ್ಲ್ಯುಪಿಸಿ. ಅಡುಗೆಮನೆಯ ಉಳಿದ ಕೆಳಪೆಟ್ಟಿಗೆಗಳಿಗೆ ಬಿಡಬ್ಲ್ಯುಆರ್ ಅಥವಾ 710. ಮೇಲ್ಗಡೆಯ ಕಪಾಟು, ಮಲಗುವ ಕೋಣೆಗೆ ಬಿಡಬ್ಲ್ಯುಆರ್. ಬಯಲುಸೀಮೆಯಲ್ಲಾದರೆ ಒಳ್ಳೆಯ ಎಂಆರ್ ಸಾಕು. ಟಿವಿ ಹಿಂದಿನ ಫಲಕ, ಬಣ್ಣದ ಬಾಗಿಲುಗಳಿಗೆ ಎಂಡಿಎಫ್. ಇಡೀ ಮನೆಗೆ ಒಂದೇ ಹಲಗೆ ಎಂಬ ಮಾತಿಗೆ ಒಪ್ಪಬೇಡಿ. ಅದರಿಂದ ಅನುಕೂಲ ಕೆಲಸ ಮಾಡುವವರಿಗೆ.

ದಪ್ಪದ ವಿಚಾರದಲ್ಲಿ ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಹಲಗೆಯ ಬಿಗುವು, ಅಂದರೆ ಬಾಗದೆ ನಿಲ್ಲುವ ಶಕ್ತಿ, ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ತಕ್ಕಂತೆ ಏರುತ್ತದೆ. 18 ಮಿ.ಮೀ. ಎಂದು ಹೇಳಿ 16 ಮಿ.ಮೀ. ಕೊಟ್ಟರೆ ಕಳೆದುಕೊಂಡದ್ದು ಎರಡೇ ಮಿಲಿಮೀಟರ್ ಎನಿಸುತ್ತದೆ. ಬಿಗುವು ಮಾತ್ರ ನೂರಕ್ಕೆ ಮೂವತ್ತರಷ್ಟು ಹೋಗಿರುತ್ತದೆ. ಉದ್ದದ್ದು ಇನ್ನೂ ಕಠಿಣ. ಎರಡು ಅಡಿಯ ಅಡ್ಡಹಲಗೆಯನ್ನು ಮೂರು ಅಡಿ ಮಾಡಿ ಅಷ್ಟೇ ಒತ್ತೊತ್ತಾಗಿ ಪುಸ್ತಕ ಜೋಡಿಸಿದರೆ ನಡುವಿನ ಬಾಗು ಐದು ಪಟ್ಟಾಗುತ್ತದೆ. ಆದ್ದರಿಂದ 18 ಮಿ.ಮೀ. ಪ್ಲೈವುಡ್ಡಿನ ಅಡ್ಡಹಲಗೆ ಮೂರು ಅಡಿ ದಾಟುವುದು ಬೇಡ, ಪುಸ್ತಕಕ್ಕಾದರೆ ಎರಡೂವರೆ ಅಡಿಗೇ ನಿಲ್ಲಿಸಿ. ಪಾರ್ಟಿಕಲ್ ಬೋರ್ಡಿಗೆ ಎರಡು ಅಡಿಯೇ ಮಿತಿ. ಅದಕ್ಕಿಂತ ಉದ್ದ ಬೇಕಿದ್ದರೆ ಮುಂದಿನ ಅಂಚಿನ ಕೆಳಗೆ ಒಂದೂವರೆ ಅಂಗುಲದ ಮರದ ಪಟ್ಟಿ ಕೊಡಿಸಿ, ಇಲ್ಲವೇ 25 ಮಿ.ಮೀ. ಹಲಗೆ ಹಾಕಿಸಿ. ಪೆಟ್ಟಿಗೆ ಮತ್ತು ಬಾಗಿಲಿಗೆ 18, ಡ್ರಾಯರಿನ ಪಕ್ಕಗಳಿಗೆ 12, ಹಿಂಬದಿಗೆ 6 ಮಿ.ಮೀ. ಸಾಮಾನ್ಯ ರೂಢಿ. ಪಾತ್ರೆಯ ಡ್ರಾಯರಿನ ತಳಕ್ಕೆ 6 ಸಾಲದು, 9 ಅಥವಾ 12 ಇರಲಿ.

ಹೆಜ್ಜೆ 4: ಶೀಟ್ ಎಷ್ಟು ಬೇಕೆಂದು ನೀವೇ ಲೆಕ್ಕ ಹಾಕಿ

ಆರು ಅಡಿ ಅಗಲ, ಏಳು ಅಡಿ ಎತ್ತರ, ಎರಡು ಅಡಿ ಆಳದ ಒಂದು ವಾರ್ಡ್‌ರೋಬ್ ತೆಗೆದುಕೊಳ್ಳೋಣ. ನಿಲುಹಲಗೆ 7×2 ಅಡಿಯವು ಮೂರು, ಮೇಲೆ ಕೆಳಗೆ 6×2 ಅಡಿಯವು ಎರಡು, ಒಳಗೆ 3×2 ಅಡಿಯ ಅಡ್ಡಹಲಗೆ ಐದು. ಒಟ್ಟು 42, 24, 30 ಸೇರಿ 96 ಚದರ ಅಡಿ. 8×4 ಅಡಿಯ ಶೀಟ್ 32 ಚದರ ಅಡಿ. ಮೂರು ಶೀಟಿಗೆ ಲೆಕ್ಕ ಸರಿಹೋಯಿತು ಎನಿಸುತ್ತದೆ. ಕತ್ತರಿಸಿ ನೋಡಿದರೆ ಹಾಗಾಗುವುದಿಲ್ಲ. ಮೊದಲ ಶೀಟಿನಲ್ಲಿ ಎರಡು ನಿಲುಹಲಗೆ ಬಂದು ಒಂದು ಅಡಿಯ ತುಂಡು ಉಳಿಯುತ್ತದೆ. ಎರಡನೆಯದರಲ್ಲಿ ಒಂದು ನಿಲುಹಲಗೆ, ಎರಡು ಅಡ್ಡಹಲಗೆ. ಮೂರನೆಯದರಲ್ಲಿ ಮೇಲಿನದ್ದು, ಕೆಳಗಿನದ್ದು, ಒಂದು ಅಡ್ಡಹಲಗೆ. ಉಳಿದ ಎರಡು ಅಡ್ಡಹಲಗೆಗೆ ನಾಲ್ಕನೆಯ ಶೀಟ್ ಬೇಕು. ಒಟ್ಟು 128 ಚದರ ಅಡಿ ಕೊಂಡಂತಾಯಿತು.

ಅಂಗಡಿಗಳಲ್ಲಿ 7×4, 6×4 ಅಳತೆಯ ಶೀಟುಗಳೂ ಸಿಗುತ್ತವೆ. 7×4ರ ಒಂದರಲ್ಲಿ ಎರಡು ನಿಲುಹಲಗೆ, 6×4ರ ಒಂದರಲ್ಲಿ ಮೇಲಿನದ್ದು ಕೆಳಗಿನದ್ದು, ಇನ್ನೊಂದು 6×4ರಲ್ಲಿ ನಾಲ್ಕು ಅಡ್ಡಹಲಗೆ, 8×4ರ ಒಂದರಲ್ಲಿ ಮಿಕ್ಕ ನಿಲುಹಲಗೆ ಮತ್ತು ಅಡ್ಡಹಲಗೆ. ಈಗ ಕೊಳ್ಳಬೇಕಾದದ್ದು 108 ಚದರ ಅಡಿ. ಒಂದೇ ಬೀರುವಿನಲ್ಲಿ 20 ಚದರ ಅಡಿ ಉಳಿಯಿತು, ಜೊತೆಗೆ 8×4ರಿಂದ ಇನ್ನೊಂದು ಅಡ್ಡಹಲಗೆಯೂ ಸಿಕ್ಕಿತು. ಕಾಗದದ ಮೇಲೆ ಆಯತ ಬರೆದು ಜೋಡಿಸಿ ನೋಡಿ. ಅರ್ಧ ಗಂಟೆಯ ಕೆಲಸ. ಗರಗಸ ಒಂದು ಸಲ ಹಾದರೆ ಸುಮಾರು 3 ಮಿ.ಮೀ. ಹೋಗುತ್ತದೆ, ಆದ್ದರಿಂದ ಎರಡು ಅಡಿ ಆಳವನ್ನು 600 ಮಿ.ಮೀ. ಎಂದೇ ಇಟ್ಟುಕೊಳ್ಳಿ, 610 ಎಂದಲ್ಲ.

ಬಡಗಿಯ ಜೊತೆ ದರ ಮಾತಾಡುವಾಗ ಅಳತೆ ಯಾವುದರದ್ದು ಎಂದು ಕೇಳಿ. ಮುಂಭಾಗದ ಚದರ ಅಡಿಗೋ, ಬಳಸಿದ ಹಲಗೆಯ ಚದರ ಅಡಿಗೋ? ಕೀಲು, ಚಾನಲ್, ಹಿಡಿ, ಅಂಟು ಅದರಲ್ಲಿ ಸೇರಿದೆಯೋ? ಜಗಳಗಳು ಬಹುತೇಕ ಹುಟ್ಟುವುದು ಇಲ್ಲಿ. ಬರೆದು ಇಬ್ಬರೂ ಸಹಿ ಹಾಕಿಕೊಂಡರೆ ಸ್ನೇಹ ಉಳಿಯುತ್ತದೆ.

ಹೆಜ್ಜೆ 5: ಅಂಗಡಿಯಲ್ಲಿ ಪರೀಕ್ಷೆ

ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಆಗಲಿ, ನಿಮ್ಮೂರಿನ ಪೇಟೆಯ ಅಂಗಡಿಯಾಗಲಿ, ಹಗಲು ಬೆಳಕಿನಲ್ಲಿ ಹೋಗಿ. ಜೇಬಿನಲ್ಲಿ ಒಂದು ವರ್ನಿಯರ್ ಕ್ಯಾಲಿಪರ್, ಒಂದು ನಾಣ್ಯ, ಒಂದು ಟೇಪು ಇರಲಿ.

ಮೊದಲು ಮುದ್ರೆ. ಹಲಗೆಯ ಮೇಲೆ ಐಎಸ್‌ಐ ಚಿಹ್ನೆ, ಮಾನಕದ ಸಂಖ್ಯೆ, ದರ್ಜೆ, ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಾರ್ಖಾನೆ, ಯಾವ ವಸ್ತು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ತೋರಿಸುತ್ತದೆ. ಮುದ್ರೆಯಲ್ಲಿ 710 ಎಂದಿದ್ದು, ಆ್ಯಪಿನಲ್ಲಿ ಆ ಸಂಖ್ಯೆ 303ಕ್ಕೆ ಸೇರಿದ್ದೆಂದು ಬಂದರೆ ಆ ಹಲಗೆ ಬಿಡಿ.

ಆಮೇಲೆ ಅಂಚು. ಶೀಟುಗಳ ಅಟ್ಟಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನಾಲ್ಕೂ ಬದಿ ನೋಡಿ. ಪದರಗಳು ಒಂದೇ ದಪ್ಪವಿದ್ದು ನೇರ ಗೆರೆಗಳಂತೆ ಸಾಗಬೇಕು. ನಡುವೆ ಕಪ್ಪು ತೂತು ಕಂಡರೆ ಅಲ್ಲಿ ಒಳಪದರ ಅರ್ಧಕ್ಕೇ ನಿಂತಿದೆ ಎಂದರ್ಥ. ಒಂದು ಪದರದ ಮೇಲೆ ಇನ್ನೊಂದು ಏರಿ ಕುಳಿತಿದ್ದರೆ ಆ ಜಾಗ ಮುಖದಲ್ಲಿ ಉಬ್ಬಾಗಿ ಕಾಣುತ್ತದೆ. ಕೆಲವು ಕಡೆ ಅಂಚಿಗೆ ದಟ್ಟ ಕೆಂಪು ಬಣ್ಣ ಬಳಿದಿರುತ್ತಾರೆ. ಆಗ ಒಂದು ಮೂಲೆ ಕೊಯ್ದು ತೋರಿಸಿ ಎನ್ನಿ. ನಾಣ್ಯದಿಂದ ಹಲಗೆಯ ಮೈಮೇಲೆ ಅಡಿಗೊಂದರಂತೆ ತಟ್ಟುತ್ತಾ ಹೋಗಿ. ತೆಂಗಿನಕಾಯಿ ಬಡಿದು ನೋಡಿದಷ್ಟೇ ಸುಲಭ: ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಡೊಳ್ಳಾದರೆ ಕೆಳಗೆ ಟೊಳ್ಳು.

ದಪ್ಪವನ್ನು ನಾಲ್ಕು ಮೂಲೆಯಲ್ಲೂ ಅಳೆಯಿರಿ. 6 ಮಿ.ಮೀ. ಮತ್ತು ಮೇಲಿನದ್ದಕ್ಕೆ ಮಾನಕ ಒಪ್ಪುವ ವ್ಯತ್ಯಾಸ ನೂರಕ್ಕೆ ಐದು. ಅಂದರೆ 18 ಎಂದದ್ದು 17.1ಕ್ಕಿಂತ ಕೆಳಗಿಳಿಯಬಾರದು. ತೂಕವೂ ಸುಳ್ಳು ಹೇಳುವುದಿಲ್ಲ. 18 ಮಿ.ಮೀ.ನ 8×4 ಶೀಟಿನ ಸಾಂದ್ರತೆ ಘನ ಮೀಟರಿಗೆ 600 ಕಿಲೋ ಇದ್ದರೆ ತೂಕ 32 ಕಿಲೋ, 700 ಇದ್ದರೆ 37ರಿಂದ 38 ಕಿಲೋ, 850ರ ಎಚ್‌ಡಿಎಚ್‌ಎಂಆರ್ ಆದರೆ 45 ದಾಟುತ್ತದೆ. ಗಟ್ಟಿ ಮರದ್ದೆಂದು ಹೇಳಿದ ಶೀಟನ್ನು ಒಬ್ಬರೇ ಸಲೀಸಾಗಿ ಎತ್ತಿಕೊಂಡು ಹೋದರೆ ಅನುಮಾನಿಸಿ. ಕೊನೆಗೆ ಎರಡು ಕರ್ಣಗಳನ್ನು ಟೇಪಿನಿಂದ ಅಳೆಯಿರಿ. ಎರಡೂ ಒಂದೇ ಬಂದರೆ ಶೀಟ್ ಮಟ್ಟವಾಗಿದೆ.

ಹೆಚ್ಚು ಹಣ ಹಾಕುವವರು ಕುದಿಸುವ ಪರೀಕ್ಷೆ ತಪ್ಪಿಸಬಾರದು. ಅಂಗಡಿಯಲ್ಲಿ ಅಂಗೈ ಅಗಲದ ತುಂಡು ಕೇಳಿ, ಕೊಡುತ್ತಾರೆ. ನಾನು ಮೂರು ಅಂಗಡಿಯ ಮೂರು ತುಂಡುಗಳಿಗೆ ಗುರುತು ಕೊರೆದು, ಹಿತ್ತಲಿನ ಬಚ್ಚಲೊಲೆಯ ಮೇಲೆ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮುಳುಗಿಸಿಟ್ಟು ಬೆಳಿಗ್ಗೆಯಿಂದ ಸಂಜೆಯವರೆಗೆ ಕುದಿಸಿದೆ. ಒಂದೂವರೆ ಗಂಟೆಗೆ ಒಂದು ತುಂಡು ಒದ್ದೆಯಾದ ಪುಸ್ತಕದಂತೆ ಬಿಚ್ಚಿಕೊಂಡಿತು. ಅದು ಮರೈನ್ ಎಂದು ಮಾರಿದ್ದು. ಎರಡನೆಯದು ಸಂಜೆಗೆ ಒಂದು ಮೂಲೆಯಲ್ಲಿ ಬಾಯಿ ತೆರೆಯಿತು. ಮೂರನೆಯದನ್ನು ಉಳಿಯಿಂದ ಮೀಟಿದರೂ ಮರ ಸೀಳಿತೇ ಹೊರತು ಅಂಟು ಬಿಡಲಿಲ್ಲ. ಅಡುಗೆಯ ಪಾತ್ರೆ ಬಳಸಬೇಡಿ, ಮನೆಯೊಳಗೆ ಕುದಿಸಬೇಡಿ. ಆ ಹಬೆ ಕಣ್ಣು ಮೂಗಿಗೆ ಒಳ್ಳೆಯದಲ್ಲ.

ಹಬೆಯ ಮಾತು ಬಂತೆಂದು ಹೇಳುತ್ತೇನೆ. ಈ ಅಂಟುಗಳಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಬರುತ್ತದೆ. ಅದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿದೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಕೊಳ್ಳುವಾಗ ಈ ಅನಿಲ ಕಡಿಮೆ ಬಿಡುವುದೆಂದು ಹೇಳುವ ಇ1 ಅಥವಾ ಇ0 ಎಂಬ ಗುರುತು ನೋಡಿ, ಮಕ್ಕಳ ಕೋಣೆಗಂತೂ ಖಂಡಿತ. ಎಲ್ಲ ಮೈ, ಎಲ್ಲ ಅಂಚು ಮುಚ್ಚಿದರೆ ಅನಿಲ ಹೊರಬರುವುದೂ ಬಹಳ ಕಡಿಮೆಯಾಗುತ್ತದೆ. ಕೆಲಸ ಮುಗಿದ ಮೇಲೆ ಕೆಲವು ವಾರ ಕಪಾಟಿನ ಬಾಗಿಲು, ಕಿಟಕಿ ತೆರೆದಿಡಿ.

ಹೆಜ್ಜೆ 6: ಲ್ಯಾಮಿನೇಟ್

ಲ್ಯಾಮಿನೇಟ್ ಎಂದರೆ ಹಲಗೆಯ ಮುಖಕ್ಕೆ ಅಂಟಿಸುವ ಅಲಂಕಾರದ ಹಾಳೆ. ನಮ್ಮ ಬಡಗಿಗಳು ಇದನ್ನು ಮೈಕಾ, ಸನ್‌ಮೈಕಾ ಎನ್ನುತ್ತಾರೆ. ಹಾಳೆಯಲ್ಲಿ ಮೈಕಾ, ಅಂದರೆ ನಮ್ಮ ಕಾಗೆಬಂಗಾರ, ಒಂದು ಚೂರೂ ಇಲ್ಲ. 1912-13ರಲ್ಲಿ ಅಮೆರಿಕದಲ್ಲಿ ವಿದ್ಯುತ್ ನಿರೋಧಕವಾಗಿ ಬಳಸುತ್ತಿದ್ದ ಮೈಕಾದ ಬದಲಿಗೆಂದು ಅಂಟು ಕುಡಿಸಿದ ಪದರಗಳ ಹಲಗೆ ಮಾಡಿ ಫಾರ್ಮೈಕಾ ಎಂದು ಹೆಸರಿಟ್ಟರು. ಆ ಹೆಸರಿನ ಬಾಲ ಇಲ್ಲಿಯವರೆಗೂ ಬಂದಿದೆ. ಒಳಗಿರುವುದು ಕಾಗದ: ಫಿನಾಲಿಕ್ ಅಂಟು ಕುಡಿಸಿದ ಕಂದು ಕಾಗದದ ಹಲವು ಪದರ, ಅದರ ಮೇಲೆ ಮೆಲಮೈನ್ ಕುಡಿಸಿದ ಬಣ್ಣದ ಕಾಗದ. ಬಿಸಿ ಮತ್ತು ಭಾರೀ ಒತ್ತಡದಲ್ಲಿ ಇವು ಒಂದೇ ಹಾಳೆಯಾಗುತ್ತವೆ.

ಹೊರಮೈಗೆ 1 ಮಿ.ಮೀ., ಪೆಟ್ಟಿಗೆಯ ಒಳಗೆ 0.8 ಅಥವಾ ಅದಕ್ಕಿಂತ ತೆಳುವಾದ ಲೈನರ್ ಸಾಕು. ಆದರೆ ಒಳಮೈಗೆ ಏನೂ ಹಚ್ಚದೆ ಬಿಡಬೇಡಿ. ಕಾಗದವೂ ಹವೆಗೆ ಹಿಗ್ಗಿ ಕುಗ್ಗುತ್ತದೆ; ಒಂದೇ ಕಡೆ ಹಚ್ಚಿದ ಬಾಗಿಲು ಒಂದು ಬೇಸಿಗೆಯಲ್ಲಿ ಬಿಲ್ಲಿನಂತೆ ಬಾಗುತ್ತದೆ. ಒಳಗೆ ಬಣ್ಣ ಹೊಡೆದರೆ ಸಾಕು ಎನ್ನುವವರ ಮಾತು ಕೇಳಬೇಡಿ.

ಒಂದು ಕೋಣೆಗೆ ಬೇಕಾದ ಎಲ್ಲ ಹಾಳೆಗಳನ್ನೂ ಒಂದೇ ಸಲ, ಒಂದೇ ಬ್ಯಾಚ್ ಸಂಖ್ಯೆಯಲ್ಲಿ ಕೊಳ್ಳಿ. ಮರದ ವಿನ್ಯಾಸವಾದರೆ ಗೆರೆ ಎಲ್ಲ ಬಾಗಿಲಿನಲ್ಲೂ ಒಂದೇ ದಿಕ್ಕಿಗೆ ಬರಬೇಕು, ಅದಕ್ಕೆ ಹಾಳೆ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ಹೊಳಪಿನ ಗಾಢ ಬಣ್ಣ ಅಡುಗೆಮನೆಗೆ ಬೇಡ ಎಂಬುದು ನನ್ನ ಅನುಭವ. ಎಣ್ಣೆ ಕೈಯ ಪ್ರತಿ ಗುರುತೂ ಎದ್ದು ಕಾಣುತ್ತದೆ.

ಹೆಜ್ಜೆ 7: ಮನೆಗೆ ಬಂದ ಹಲಗೆ, ಅಂಟಿಸುವ ಕೆಲಸ

ಶೀಟುಗಳನ್ನು ಗೋಡೆಗೆ ಒರಗಿಸಬೇಡಿ, ಬಾಗುತ್ತವೆ. ನೆಲದ ಮೇಲೆ ನಾಲ್ಕೈದು ಮರದ ತುಂಡುಗಳನ್ನು ಒಂದೇ ಮಟ್ಟದಲ್ಲಿಟ್ಟು ಅದರ ಮೇಲೆ ಮಲಗಿಸಿ, ಕೆಲವು ದಿನ ಮನೆಯ ಹವೆಗೆ ಹೊಂದಿಕೊಳ್ಳಲು ಬಿಡಿ. ಮರಗೆಲಸಕ್ಕೆ ಮೊದಲೇ ಗೆದ್ದಲಿನ ಔಷಧಿ ನೆಲ, ಗೋಡೆಯ ಸಂದುಗಳಿಗೆ ಹೋಗಿರಲಿ. ಹಲಗೆ ಎಷ್ಟೇ ಒಳ್ಳೆಯದಾದರೂ ಗೋಡೆಯ ಸಂದಿನಿಂದ ಬರುವ ಗೆದ್ದಲನ್ನು ಅದೊಂದೇ ತಡೆಯಲಾರದು. ಹಲಗೆಯಲ್ಲಿ ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂತಹ ಪುಡಿ ಕಂಡರೆ ಅದು ಕುಟ್ಟೆ ಹಿಡಿದದ್ದು. ಆ ಶೀಟನ್ನು ಮನೆಯಲ್ಲಿಟ್ಟುಕೊಳ್ಳದೆ ಹಿಂತಿರುಗಿಸಿ.

ಅಂಟಿಸುವಾಗ ಧೂಳೇ ದೊಡ್ಡ ಶತ್ರು. ಹಲಗೆ ಒರಸಿ, ಹಾಳೆಯ ಹಿಂಬದಿ ಒರಸಿ, ಫೆವಿಕಾಲ್ ತೆಳುವಾಗಿ ಎಲ್ಲೆಡೆ ಸಮನಾಗಿ ಎಳೆಯಬೇಕು. ನಡುವೆ ಮಡ್ಡಿ ಉಳಿದರೆ ಆಮೇಲೆ ಅದೇ ಗುಳ್ಳೆ. ಹಾಳೆ ಕೂರಿಸಿದ ಮೇಲೆ ನಡುವಿನಿಂದ ಅಂಚಿನ ಕಡೆಗೆ ಒತ್ತಿ ಗಾಳಿ ಹೊರತೆಗೆದು, ಶೀಟುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಭಾರ ಹೇರಿ ಒಂದು ರಾತ್ರಿ ಅಲುಗಿಸದೆ ಬಿಡಬೇಕು. ನಮ್ಮ ಮನೆಗೆ ಬಂದ ಬಡಗಿ ಆಚಾರ್ಯರು ಸಂಜೆ ಅಂಟಿಸಿದ್ದನ್ನು ಬೆಳಿಗ್ಗೆಯವರೆಗೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. “ಇವತ್ತು ಆತುರ ಮಾಡಿದರೆ ನಾಳೆ ನೀವೇ ನನ್ನನ್ನು ಬೈಯುತ್ತೀರಿ” ಎನ್ನುತ್ತಿದ್ದರು. ಅವರು ಅಂಟಿಸಿದ ಒಂದು ಬಾಗಿಲೂ ಈವರೆಗೆ ಗುಳ್ಳೆ ಎದ್ದಿಲ್ಲ. ನೀರಿನ ಜಾಗದ ಹಲಗೆಗೆ ಸಾಮಾನ್ಯ ಬಿಳಿ ಅಂಟಿನ ಬದಲು ಜಲನಿರೋಧಕ ಅಂಟನ್ನೇ ಕೇಳಿ ತರಿಸಿ.

ಹೆಜ್ಜೆ 8: ಅಂಚು ಮುಚ್ಚುವುದು

ಎಲ್ಲಕ್ಕಿಂತ ಹೆಚ್ಚು ಕಣ್ಣಿಡಬೇಕಾದ ಹೆಜ್ಜೆ ಇದು. ಮರದ ನಾರಿನ ತುದಿ ಬತ್ತಿಯಂತೆ ನೀರು ಹೀರುತ್ತದೆ. ಮುಖಕ್ಕೆ ಲ್ಯಾಮಿನೇಟ್ ಹಚ್ಚಿದ್ದರೂ ತೆರೆದ ಅಂಚಿನಿಂದ ನೀರು ಅಂಗುಲಗಟ್ಟಲೆ ಒಳಗೆ ಹೋಗುತ್ತದೆ.

ಪಿವಿಸಿ ಪಟ್ಟಿಯನ್ನು ಎಲ್ಲ ನಾಲ್ಕು ಅಂಚಿಗೂ ಹಚ್ಚಿಸಿ: ಕಾಣುವ ಕಡೆ ಮಾತ್ರವಲ್ಲ, ಹಿಂದೆ, ಕೆಳಗೆ, ಬಾಗಿಲಿನ ಮೇಲ್ತುದಿಗೆ ಸಹ. ಬಾಗಿಲು, ಡ್ರಾಯರಿನ ಮುಖಗಳಿಗೆ 2 ಮಿ.ಮೀ. ದಪ್ಪದ ಪಟ್ಟಿ, ಉಳಿದ ಕಡೆ 0.8 ಮಿ.ಮೀ. ಸಾಕು. ಯಂತ್ರದಲ್ಲಿ ಬಿಸಿ ಅಂಟಿನಿಂದ ಹಚ್ಚಿದ ಪಟ್ಟಿ ಕೈಯಿಂದ ಹಚ್ಚಿದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಹಲಗೆ ಕೊಯ್ದು ಪಟ್ಟಿ ಹಚ್ಚಿಕೊಡುವ ಕೇಂದ್ರಗಳು ಈಗ ಜಿಲ್ಲಾ ಕೇಂದ್ರಗಳಲ್ಲೂ ಇವೆ. ಕೈಯಿಂದ ಹಚ್ಚುವುದಾದರೆ ಅಂಚನ್ನು ಉಜ್ಜಿ, ಧೂಳು ಒರಸಿ, ರಬ್ಬರ್ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಪಟ್ಟಿ ಹಚ್ಚಲಾಗದ ಜಾಗಗಳಿಗೆ, ಎಂದರೆ ಗೋಡೆಗೆ ತಾಗುವ ಅಂಚು, ಕೀಲಿನ 35 ಮಿ.ಮೀ. ಗುಳಿ, ಕೊಳವೆಯ ತೂತು, ಇವಕ್ಕೆ ಎರಡು ಕೈ ಪ್ರೈಮರ್ ಅಥವಾ ಎಪಾಕ್ಸಿ ಬಳಿಸಿ. ಒಂದು ಸಣ್ಣ ಬ್ರಷ್, ಹತ್ತು ನಿಮಿಷ ಸಾಕು.

ಕೆಲಸ ಮುಗಿದ ಹಲಗೆಯ ಸುತ್ತ ಕಣ್ಣು ಮುಚ್ಚಿ ಬೆರಳು ಆಡಿಸಿ. ಪಟ್ಟಿ ಮತ್ತು ಲ್ಯಾಮಿನೇಟಿನ ನಡುವೆ ಉಗುರು ಸಿಕ್ಕಿಕೊಂಡರೆ ಅಲ್ಲಿ ನೀರಿಗೂ ದಾರಿ ಇದೆ.

ಹೆಜ್ಜೆ 9: ಕೂರಿಸುವಾಗ

ಅಡುಗೆಮನೆಯ ಕೆಳಪೆಟ್ಟಿಗೆಗಳು ನೆಲಕ್ಕೆ ತಾಗಬಾರದು. 100 ಮಿ.ಮೀ. ಪಿವಿಸಿ ಕಾಲುಗಳ ಮೇಲೆ ಕೂರಿಸಿ, ಮುಂದೆ ತೆಗೆದಿಡಬಹುದಾದ ಪಟ್ಟಿ ಹಾಕಿಸಿ; ನೆಲ ತೊಳೆದ ನೀರು ಹಲಗೆಗೆ ಮುಟ್ಟುವುದಿಲ್ಲ. ಸಿಂಕ್ ಮತ್ತು ಗ್ರಾನೈಟ್ ಸೇರುವಲ್ಲಿ, ಗ್ರಾನೈಟ್ ಮತ್ತು ಗೋಡೆ ಸೇರುವಲ್ಲಿ ಸಿಲಿಕಾನ್ ತುಂಬಿಸಿ. ಸಿಂಕಿನ ಪೆಟ್ಟಿಗೆಗೆ ಹಿಂಬದಿಯ ಹಲಗೆಯೇ ಬೇಡ. ಗಾಳಿಯಾಡಲಿ, ಕೊಳವೆ ಸೋರಿದರೆ ಕಣ್ಣಿಗೆ ಬೀಳಲಿ.

ಬಾಗಿಲಿನ ಎತ್ತರಕ್ಕೆ ತಕ್ಕಂತೆ ಕೀಲುಗಳಿರಬೇಕು: ಮೂರು ಅಡಿಯೊಳಗೆ ಎರಡು, ಐದು ಅಡಿಯವರೆಗೆ ಮೂರು, ಏಳು ಅಡಿಗೆ ನಾಲ್ಕರಿಂದ ಐದು. ಎಂಡಿಎಫ್, ಪಾರ್ಟಿಕಲ್ ಬೋರ್ಡಿನಲ್ಲಿ ಸ್ಕ್ರೂವನ್ನು ಅಂಚಿಗೆ ಹೊಡೆಯದೆ ಮುಖಕ್ಕೆ ಹೊಡೆಸಿ, ಮೊದಲೇ ಸಣ್ಣ ತೂತು ಕೊರೆಸಿ. ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದಿಲ್ಲ.

ಹಣದ ಕೊನೆಯ ಕಂತು ಕೊಡುವ ಮೊದಲು ಜಿಎಸ್‌ಟಿ ಸಮೇತದ ಬಿಲ್ಲು ಕೇಳಿ ಪಡೆಯಿರಿ. ಹಲಗೆಯ ದರ್ಜೆ, ಮಾನಕ ಸಂಖ್ಯೆ ಅದರಲ್ಲಿ ಬರೆದಿರಲಿ. ಲ್ಯಾಮಿನೇಟ್ ಹಚ್ಚಿದ ಮೇಲೆ ಮುದ್ರೆ ಕಾಣುವುದಿಲ್ಲ, ಆದ್ದರಿಂದ ಅದಕ್ಕೂ ಮುಂಚೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಲ್ಯಾಮಿನೇಟಿನ ಒಂದೆರಡು ತುಂಡು, ಒಂದು ಸುತ್ತು ಅಂಚಿನ ಪಟ್ಟಿ ಅಟ್ಟದಲ್ಲಿರಲಿ. ಐದು ವರ್ಷದ ನಂತರ ಆ ಬಣ್ಣ ಅಂಗಡಿಯಲ್ಲಿ ಸಿಗುವುದು ಅನುಮಾನ.

ದಿನನಿತ್ಯದ ಒರೆಸುವಿಕೆಗೆ ಒದ್ದೆ ಬಟ್ಟೆ, ಸೋಪಿನ ನೀರು, ಕೂಡಲೇ ಒಣ ಬಟ್ಟೆ. ಟೈಲ್ಸ್ ತೊಳೆಯುವ ಆಸಿಡ್ ಮತ್ತು ತಂತಿಯ ಬ್ರಷ್ ಹತ್ತಿರಕ್ಕೂ ಬೇಡ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ, ಚೌತಿ ಹಬ್ಬಕ್ಕೆ ಮನೆ ತೊಳೆಯುವಾಗ, ಸಿಂಕಿನ ಪೆಟ್ಟಿಗೆಯೊಳಗೆ ಟಾರ್ಚ್ ಬಿಟ್ಟು ಕೊಳವೆಯ ತೂತಿನ ಸುತ್ತ, ಹಿಂದಿನ ಅಂಚಿನ ಉದ್ದಕ್ಕೆ ಬೆರಳು ಹಾಯಿಸಿ. ಎಲ್ಲಾದರೂ ಉಬ್ಬಿದೆ ಎನಿಸಿದರೆ ಆ ಜಾಗವನ್ನು ಒಣಗಿಸಿ ಅದೇ ವಾರ ಎಪಾಕ್ಸಿ ಬಳಿಯಿರಿ.